ಎಂಟನೆಯ ರಾಗಕ್ಕೆ ಪುರಾವೆ

ಸಂಜೆ ಏಳೂಮುಕ್ಕಾಲಿಗೆ ಇಶ್ಬೆಲ್ ರಾಂಕಿನ್ ಎಂಟನೆಯ ರಾಗವನ್ನು ಹಿಂದುಮುಂದಾಗಿ ನುಡಿಸಿ ಮುಗಿಸಿದಳು. 'ಕುಂಟ ಕೊಕ್ಕರೆ' ಪಬ್ಬಿನ ಎಲ್ಲ ಮೇಜುಗಳೂ ತುಂಬಿದ್ದವು. ಅಲ್ಲಿ ಕುಳಿತವರಲ್ಲಿ ಒಬ್ಬರು ತನ್ನ ತಮ್ಮನ ಸಾವಿಗೆ ಕಾರಣ ಎಂದು ಅವಳು ನಂಬಿದ್ದಳು.

"ಏನಮ್ಮಾ ಇದು, ಬೆಕ್ಕಿನ ಬಾಲ ತುಳಿದ ಹಾಗಿದೆ!" ಕಿಟಕಿ ಪಕ್ಕದ ಮೇಜಿನಿಂದ ಯಾರೋ ಕೂಗಿದರು.

"ಕೊನೆಯಿಂದ ಮೊದಲಿಗೆ ಕೇಳಿಸ್ಕೊಳ್ಳಿ, ಮುದ್ದಾಗಿರುತ್ತೆ," ಎಂದಳು ಇಶ್ಬೆಲ್ ಮೈಕಿನಲ್ಲಿ. ಜನ ನಕ್ಕರು. ಅವಳೂ ನಕ್ಕಳು. ಒಂದು ವರ್ಷದಿಂದ ಅವಳು ಅಭ್ಯಾಸ ಮಾಡಿಕೊಂಡ ನಗು ಅದು.

ಗ್ಲಾಸ್ಗೋದ ಫಂಕ್ಷನಲ್ ಪ್ರೋಗ್ರಾಮಿಂಗ್ ಕೂಟ, ಅಂದರೆ ಕಂಪ್ಯೂಟರ್ ಪ್ರೋಗ್ರಾಮನ್ನು ಗಣಿತದ ಹಾಗೆ ಬರೆಯುವವರ ಗುಂಪು, ಪ್ರತಿ ಡಿಸೆಂಬರಿನಲ್ಲೂ ಈ ಪಬ್ಬಿನಲ್ಲಿ ಕ್ವಿಜ್ ನಡೆಸುತ್ತದೆ. ನುಡಿಸಿದ ರಾಗಗಳ ಹೆಸರು ಬರೆಯುವುದು ಅದರಲ್ಲೊಂದು ಸುತ್ತು. ಕ್ರಿಸ್‌ಮಸ್ ಮರ ಛಾವಣಿಯಿಂದ ತಲೆಕೆಳಗಾಗಿ ತೂಗುತ್ತಿತ್ತು. ಲೆಕ್ಕದ ಕವಲುಗಳನ್ನು ತೋರಿಸಲು ಈ ಜನ ಮರದ ಚಿತ್ರ ಬರೆದರೆ ಬೇರು ಮೇಲಕ್ಕೇ ಇರುತ್ತದೆ. ಎಲ್ಲರ ತಲೆಯ ಮೇಲೂ ಎಳೆದರೆ ಪಟ್ಟೆಂದು ಸಿಡಿಯುವ ಕ್ರಿಸ್‌ಮಸ್ ಪೊಟ್ಟಣದಿಂದ ಬಂದ ಬಣ್ಣದ ಕಾಗದದ ಕಿರೀಟ. ಮೇಜಿನ ಮೇಲೆ ಬಿಸಿ ಮಸಾಲೆ ವೈನು, ಒಣದ್ರಾಕ್ಷಿ ತುಂಬಿದ ಪುಟ್ಟ ಪೈಗಳು.

ಕಳೆದ ವರ್ಷ ಇದೇ ಮೈಕು ಹಿಡಿದಿದ್ದವನು ಸ್ಟ್ರುವನ್, ಇಶ್ಬೆಲ್‌ಳ ತಮ್ಮ. ವಿರಾಮದಲ್ಲಿ ಹಿತ್ತಲಿಗೆ ಹೋದವನು ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಹಿಮದಲ್ಲಿ ಕಾಲು ಜಾರಿತು ಎಂದು ಪೊಲೀಸರು ಕಡತ ಮುಚ್ಚಿದ್ದರು.

ತಾವು ಹಿತ್ತಲಿಗೆ ಹೋಗಿರಲಿಲ್ಲ ಎಂದು ಕೂಟದ ಪ್ರತಿಯೊಬ್ಬರೂ ಹೇಳಿಕೆ ಕೊಟ್ಟಿದ್ದರು. ಆ ಹೇಳಿಕೆಗಳಲ್ಲಿ ಒಂದು ಸುಳ್ಳು. ಯಾವುದು ಎನ್ನುವುದು ಇಶ್ಬೆಲ್‌ಗೆ ಬೇಕಾಗಿತ್ತು. ಅದಕ್ಕಾಗಿಯೇ ಈ ವರ್ಷದ ಕ್ವಿಜ್ಜನ್ನು ತಾನೇ ನಡೆಸುತ್ತೇನೆಂದು ಹಟ ಹಿಡಿದಿದ್ದಳು.

ಹೆಸರು ಸಿಕ್ಕರೆ ಏನು ಮಾಡುತ್ತೀಯ ಎಂದು ಸಾರ್ಜೆಂಟ್ ಯೂನಾ ಬೇರ್ಡ್ ಮಧ್ಯಾಹ್ನವೇ ಕೇಳಿದ್ದಳು. ಮುಚ್ಚಿದ ಕಡತವನ್ನು ರಜೆಯ ದಿನಗಳಲ್ಲಿ ಬಿಚ್ಚಿ ಓದಿದ ಒಬ್ಬಳೇ ಪೊಲೀಸು ಅವಳು.

"ನಾಲ್ಕು ಜನರ ಮುಂದೆ ಅವನ ಮಾನ ತೆಗೀತೀನಿ."

"ಆಮೇಲೆ ನನ್ನ ಕೈಗೆ ಕೊಡ್ತೀಯ?"

"ಆಮೇಲೆ ಏನಾದ್ರೂ ಉಳಿದಿದ್ರೆ ಕೊಡ್ತೀನಿ."

ಯೂನಾ ಈಗ ಬಾರಿನ ಕೊನೆಯಲ್ಲಿ, ಮುಂಬಾಗಿಲ ಹತ್ತಿರ, ನಿಂಬೆ ಹಾಕಿದ ಸೋಡಾ ಹಿಡಿದು ಕುಳಿತಿದ್ದಳು. ಇಶ್ಬೆಲ್ ಬಲೆ ಹಾಕಿದ್ದಾಳೆ ಎಂಬುದಷ್ಟೇ ಅವಳಿಗೆ ಗೊತ್ತು. ಬಲೆ ಯಾವುದು ಎಂಬುದು ಗೊತ್ತಿರಲಿಲ್ಲ.

ಬಲೆ ಎಂದರೆ ಆ ಎಂಟನೆಯ ರಾಗ.

ಅದು ಪುಸ್ತಕದಲ್ಲಿರುವ ಹಾಡಲ್ಲ. ಬಾರಾ ದ್ವೀಪದ ಅವರ ಅಜ್ಜಿ ಹಾಲು ಕರೆಯುವಾಗ ಗುನುಗುತ್ತಿದ್ದದ್ದು. ಅಕ್ಕ ತಮ್ಮ ಚಿಕ್ಕವರಿದ್ದಾಗ ಅದಕ್ಕೆ 'ಪೆಗ್ಗಿಯ ಬಿಳಿ ಹಸು' ಎಂದು ಹೆಸರಿಟ್ಟಿದ್ದರು. ಅಜ್ಜಿಗೂ ಆ ಹೆಸರು ಗೊತ್ತಿರಲಿಲ್ಲ.

ಕಳೆದ ವರ್ಷ ಇಶ್ಬೆಲ್ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ವಿರಾಮ ಶುರುವಾದಾಗ ಸ್ಟ್ರುವನ್ ಫೋನು ಮಾಡಿದ್ದ.

"ಅಕ್ಕಾ, ರಾಗ ಗುರುತಿಸೋ ಸುತ್ತಲ್ಲಿ ಕೊನೇದಾಗಿ ಪೆಗ್ಗಿ ಹಸುನ ಹಾಕ್ತೀನಿ. ಅದೂ ಉಲ್ಟಾ. ಈಗ ತಾನೇ ಹೊಳೀತು."

"ಯಾವನಿಗೂ ಬರಲ್ಲ ಕಣೋ. ಹೊಡೀತಾರೆ ನಿನ್ನ."

"ಹೊಡೀಲಿ ಬಿಡು, ಮಜಾ ಇರುತ್ತೆ. ಹಿತ್ತಲಿಗೆ ಹೋಗಿ ಒಂದ್ಸಲ ನುಡಿಸಿ ನೋಡ್ತೀನಿ. ಇಡ್ಲಾ?"

ಅವನ ಕೊನೆಯ ಮಾತು ಅದೇ. ಅವನು ಮತ್ತೆ ಒಳಗೆ ಬರಲಿಲ್ಲ. ಆ ರಾಗವನ್ನು ಯಾರ ಮುಂದೆಯೂ ನುಡಿಸಲಿಲ್ಲ. ಹಾಗಿದ್ದ ಮೇಲೆ ಅದನ್ನು ಉಲ್ಟಾ ಕೇಳಿ ಗುರುತಿಸಬಲ್ಲವರು, ಹೆಸರು ಹೇಳಬಲ್ಲವರು, ಹಿತ್ತಲಿನಲ್ಲಿ ಅವನ ಪಕ್ಕ ನಿಂತು "ಇದ್ಯಾವ ರಾಗ?" ಎಂದು ಕೇಳಿದವರು ಮಾತ್ರ.

ಇಶ್ಬೆಲ್‌ಳ ಕಣ್ಣು ಮ್ಯಾಗ್ನಸ್ ಓಗಿಲ್ವಿಯ ಮೇಲಿತ್ತು.

ಮ್ಯಾಗ್ನಸ್‌ನ ಮೇಜು ಒಲೆಯ ಪಕ್ಕದಲ್ಲಿತ್ತು. ತಂಡಕ್ಕೆ 'ಕೈ ತೊಳೆದವರು' ಎಂದು ಹೆಸರಿಟ್ಟುಕೊಂಡಿದ್ದರು. ಪ್ರೋಗ್ರಾಮು ತನ್ನ ಲೆಕ್ಕ ಬಿಟ್ಟು ಹೊರಗಿನ ಯಾವುದಕ್ಕೂ ಕೈ ಹಚ್ಚಬಾರದೆನ್ನುವುದು ಈ ಕೂಟದ ಧರ್ಮ. ಮ್ಯಾಗ್ನಸ್ ಎತ್ತರದ ಆಳು, ಮಾತು ಬೆಣ್ಣೆ. ತಲೆಯ ಮೇಲೆ ಕೆಂಪು ಕಿರೀಟ ಓರೆಯಾಗಿ ಕೂತಿತ್ತು.

ಸ್ಟ್ರುವನ್ ಕಟ್ಟಿ, ಕೂಟದವರೆಲ್ಲ ಸೇರಿ ಬೆಳೆಸಿದ ಪ್ರೋಗ್ರಾಮಿಂಗ್ ಭಾಷೆ 'ಸ್ಕೆರಿ'. ಅದರ ಒಡೆತನವನ್ನು ತನ್ನ ಕಂಪನಿಗೆ ಬರೆದುಕೊಡಿ ಎಂದು ಮ್ಯಾಗ್ನಸ್ ಕೇಳಿದ್ದ. ಹಾಜರಿದ್ದವರೆಲ್ಲ ಕೈ ಎತ್ತಿದರೆ ಮಾತ್ರ ತೀರ್ಮಾನ ಎನ್ನುವುದು ಕೂಟದ ಕಟ್ಟಳೆ. ಬೇಡವೆನ್ನುತ್ತಿದ್ದವನು ಸ್ಟ್ರುವನ್ ಒಬ್ಬನೇ. ಕಳೆದ ವರ್ಷದ ವಿರಾಮದಲ್ಲಿ ಕೈ ಎಣಿಸಿದಾಗ ಅವನು ಒಳಗಿರಲಿಲ್ಲ. ಸ್ಕೆರಿ ಮ್ಯಾಗ್ನಸ್‌ನ ಪಾಲಾಯಿತು.

ಈಗ ಅವನು ತನ್ನವರ ಜೊತೆ ತಲೆ ತಗ್ಗಿಸಿ ಪಿಸುಗುಡುತ್ತಿದ್ದ. ಎಂಟನೆಯ ಉತ್ತರಕ್ಕೆ ಏನೋ ಬರೆದ, ಹೊಡೆದು ಹಾಕಿದ, ಮತ್ತೆ ಬರೆದ. ಬರಿ, ಎಂದುಕೊಂಡಳು ಇಶ್ಬೆಲ್. ಬರಿಯೋ ಪಾಪಿ, ನಿನ್ನ ಕೈಯಾರೆ ಬರಿ.

"ಹಾಳೆ ಮೇಲೆತ್ತಿ!" ಎಂದಳು.

ಒಂದು ಮೇಜು ಇನ್ನೂ ಬರೆಯಲು ಶುರುವೇ ಮಾಡಿರಲಿಲ್ಲ. ಅದು 'ಸೋಮಾರಿಗಳು' ತಂಡ. ಕೊನೆಯ ಗಳಿಗೆಯಲ್ಲಿ ಯಾರಾದರೂ ಕೇಳುವ ತನಕ ಯಾವ ಲೆಕ್ಕವನ್ನೂ ಮಾಡಬಾರದೆನ್ನುವ ಪಂಥ ಅವರದು. ಕ್ವಿಜ್ಜಿನಲ್ಲೂ ಅದನ್ನೇ ಪಾಲಿಸುತ್ತಿದ್ದರು. ಹಾಳೆ ಎತ್ತಿ ಎಂದ ಮೇಲೆ ಒಬ್ಬರು ಪಟಪಟನೆ ಹೇಳುವುದು, ಇನ್ನೊಬ್ಬರು ಗೀಚುವುದು. ಚರ್ಚೆ ಇಲ್ಲ, ಎರಡನೆಯ ಯೋಚನೆ ಇಲ್ಲ. ಆದರೂ ಮೂರು ಸುತ್ತಿನ ಕೊನೆಗೆ ಅವರೂ ಮ್ಯಾಗ್ನಸ್‌ನ ತಂಡವೂ ಸರಿಸಮ ನಿಂತಿದ್ದರು.

ಹೇಳುವವರು ಪ್ರೊಫೆಸರ್ ಹ್ಯೂ ಕಿನ್ನೇರ್ಡ್. ಈ ಊರಿನ ಫಂಕ್ಷನಲ್ ಪ್ರೋಗ್ರಾಮಿಂಗಿಗೆ ತಂದೆಯ ಸಮಾನ. ಸ್ಟ್ರುವನ್‌ಗೂ ಇಶ್ಬೆಲ್‌ಗೂ ಕಲಿಸಿದ ಗುರು. ತಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು.

ಗೀಚುವವಳು ರೋನಾ ಟೆಲ್ಫರ್. ಸ್ಟ್ರುವನ್ ಮದುವೆಯಾಗಬೇಕಿದ್ದ ಹುಡುಗಿ.

"ಬೇಗ, ಬೇಗ," ಎಂದಳು ಇಶ್ಬೆಲ್. "ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ?"

"ಕೇಳಿದ ಮೇಲೆ ತಾನೇ ಮಗಳೇ ಕೊಡೋದು," ಎಂದು ಪ್ರೊಫೆಸರ್ ನಕ್ಕು, ಎಂಟು ಉತ್ತರಗಳನ್ನೂ ಒಂದೇ ಉಸಿರಿನಲ್ಲಿ ರೋನಾಳ ಕಿವಿಗೆ ಸುರಿದರು.

ಹಾಳೆಗಳು ಮೇಜಿನಿಂದ ಮೇಜಿಗೆ ಹೋದವು. ಒಬ್ಬರದನ್ನು ಇನ್ನೊಬ್ಬರು ತಿದ್ದುವುದು ಎಲ್ಲ ಪಬ್ಬುಗಳ ಪದ್ಧತಿ. ಸೋಮಾರಿಗಳ ಹಾಳೆ ಮ್ಯಾಗ್ನಸ್‌ನ ಕೈಗೆ ಬಂತು.

ಇಶ್ಬೆಲ್ ಏಳು ಉತ್ತರಗಳನ್ನು ಓದಿದಳು. ಏಳೂ ಎಲ್ಲರಿಗೂ ಗೊತ್ತಿರುವ ಕ್ರಿಸ್‌ಮಸ್ ಹಾಡುಗಳು. ಪ್ರತಿಯೊಂದಕ್ಕೂ ಒಂದು ಮೇಜು ಕುಣಿಯಿತು, ಇನ್ನೊಂದು ಹಣೆ ಬಡಿದುಕೊಂಡಿತು.

"ಎಂಟನೇದು. ಮೊದಲು ನೀವು ಓದಿ. ಯಾರ್ಯಾರು ಏನೇನು ಬರೆದಿದಾರೆ?"

ಕಿಟಕಿಯ ಮೇಜಿನವರು ಖಾಲಿ ಬಿಟ್ಟಿದ್ದರು. ಒಬ್ಬರು 'ಬೆಕ್ಕಿನ ಗೋಳು' ಎಂದು ಬರೆದಿದ್ದರು. ಮ್ಯಾಗ್ನಸ್‌ನ ಹಾಳೆಯನ್ನು ತಿದ್ದುತ್ತಿದ್ದ ಹೆಂಗಸು ಕೈ ಎತ್ತಿದಳು.

"ಕೈ ತೊಳೆದವರು ಬರೆದಿರೋದು, 'ಹಡಗು ಕೆಲಸದವರ ಹಾಡು.' ಹೊಡೆದು ಹಾಕಿದ್ದು 'ಗೊತ್ತಿಲ್ಲ.'"

ಮ್ಯಾಗ್ನಸ್‌ಗೆ ಗೊತ್ತಿಲ್ಲ. ಗೊತ್ತಿದ್ದೂ ಮುಚ್ಚಿಟ್ಟನೆ? ಬಾರಿನ ಕೊನೆಯಲ್ಲಿ ಯೂನಾ ಅವಳ ಮುಖವನ್ನೇ ನೋಡುತ್ತಿದ್ದಳು.

ಆಗ ಮ್ಯಾಗ್ನಸ್ ತನ್ನ ಕೈಯಲ್ಲಿದ್ದ ಹಾಳೆ ನೋಡಿ ಗಹಗಹಿಸಿ ನಕ್ಕ.

"ಸೋಮಾರಿಗಳು ಕೇಳಿ! 'ಪೆಗ್ಗಿಯ ಬಿಳಿ ಹಸು' ಅಂತೆ. ಪ್ರೊಫೆಸರ್ ಸಾರ್, ವೈನು ಸಾಕು ಮಾಡಿ."

ಪಬ್ಬೆಲ್ಲ ನಕ್ಕಿತು. ಪ್ರೊಫೆಸರ್ ಕೂಡ ನಕ್ಕರು. ರೋನಾ ತಾನು ಬರೆದದ್ದೇ ಹೌದೋ ಅಲ್ಲವೋ ಎಂಬಂತೆ ಕತ್ತು ಚಾಚಿ ಹಾಳೆ ನೋಡಿದಳು.

ಇಶ್ಬೆಲ್ ತಾನು ನುಡಿಸುತ್ತಿದ್ದ, ತಮ್ಮ ಹಿತ್ತಲಿನಲ್ಲಿ ಬಿಟ್ಟುಹೋಗಿದ್ದ ಕಾನ್ಸರ್ಟಿನಾವನ್ನು ಬಾರಿನ ಕಟ್ಟೆಯ ಮೇಲಿಟ್ಟಳು. ಅಂಗೈಗಳ ನಡುವೆ ಹಿಡಿದು ಹಿಗ್ಗಿಸಿ ಕುಗ್ಗಿಸುವ ಆ ಪುಟ್ಟ ತಿದಿವಾದ್ಯ ಇಟ್ಟ ಮೇಲೂ ಒಂದು ಉಸಿರು ಬಿಟ್ಟಿತು.

"ಸರಿ ಉತ್ತರ," ಎಂದಳು.

ನಗು ನಿಂತಿತು.

"ಏನು?" ಎಂದ ಮ್ಯಾಗ್ನಸ್.

"ಸೋಮಾರಿಗಳ ಉತ್ತರ ಸರಿ. ಒಂದು ಅಂಕದಿಂದ ಅವರು ಮುಂದಿದಾರೆ."

ಮ್ಯಾಗ್ನಸ್ ಸೋಲುವ ಜಾತಿಯಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಮೇಜು ಗುದ್ದಿದ.

"ಪುರಾವೆ!"

ಉಳಿದ ಮೇಜುಗಳೂ ದನಿಗೂಡಿಸಿದವು. "ಪುರಾವೆ! ಪುರಾವೆ!" ಲೋಟಗಳು ಮರದ ಮೇಲೆ ತಾಳ ಹಾಕಿದವು.

ಇದು ಬೇರೆ ಯಾವ ಪಬ್ಬಿನಲ್ಲೂ ಇಲ್ಲದ, ಈ ಕೂಟಕ್ಕೆ ಮಾತ್ರ ಇರುವ ಕಟ್ಟಳೆ. ಉತ್ತರ ಸರಿಯಿದ್ದರೆ ಸಾಲದು. ಯಾರಾದರೂ ಪುರಾವೆ ಕೇಳಿದರೆ ಹೇಳಿದವರು ಎದ್ದು ನಿಂತು, ಆ ಉತ್ತರಕ್ಕೆ ಹೇಗೆ ಬಂದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸಬೇಕು. ತೋರಿಸದಿದ್ದರೆ ಆ ಸುತ್ತಿನ ಅಂಕವೆಲ್ಲ ಹೋಯಿತು. ಕಟ್ಟಳೆ ತಂದವರು ಪ್ರೊಫೆಸರ್ ಕಿನ್ನೇರ್ಡ್ ಅವರೇ.

ಮ್ಯಾಗ್ನಸ್ ಬಾಯಿಂದ ಆ ಮಾತು ಹೊರಡುತ್ತದೆಂದು ಇಶ್ಬೆಲ್ ಎಂದೂ ಯೋಚಿಸಿರಲಿಲ್ಲ. ಪುರಾವೆ ಕೇಳುವವಳು ತಾನು, ಕೊಡಲಾಗದೆ ಬೆವರುವವನು ಮ್ಯಾಗ್ನಸ್ ಎಂದು ವರ್ಷವಿಡೀ ಕನಸು ಕಂಡಿದ್ದಳು.

"ಹೇಳಿದ್ದು ಯಾರು?" ಎಂದು ಕೇಳಿದಳು.

"ನಾನೇ ಕಣಮ್ಮ," ಎಂದು ಪ್ರೊಫೆಸರ್ ಎದ್ದರು. ತಲೆಯ ಮೇಲಿನ ಹಸಿರು ಕಿರೀಟ ಸರಿಪಡಿಸಿಕೊಂಡರು. "ಇದರಲ್ಲೇನಿದೆ, ಇದು ನಂಗೆ ಗೊತ್ತಿರೋ ರಾಗ."

"ಗೊತ್ತು ಅನ್ನೋದು ಪುರಾವೆ ಅಲ್ಲ ಸಾರ್," ಎಂದ ಮ್ಯಾಗ್ನಸ್. "ನೀವೇ ಪಾಠ ಹೇಳಿದ್ದು. ದಾರಿ ತೋರಿಸಿ."

"ದಾರಿ ಅಂದ್ರೆ... ಎಲ್ಲೋ ಕೇಳಿದೀನಿ."

ಒಮ್ಮೆ ಮಾಡಿದ ಲೆಕ್ಕದ ಉತ್ತರವನ್ನಷ್ಟೇ ಎತ್ತಿಟ್ಟು, ಮಾಡಿದ ದಾರಿಯನ್ನು ಬಿಸಾಡುವುದು ಈ ಕಸುಬಿನವರ ಹಳೆಯ ಜಾಣತನ. ಅದೇ ಪ್ರಶ್ನೆ ಮತ್ತೆ ಬಂದರೆ ಯೋಚನೆ ಮಾಡುವ ಕೆಲಸವಿಲ್ಲ. ಪ್ರೊಫೆಸರ್ ರಾಗ ಕೇಳಿದರು, ಹೆಸರು ನಾಲಿಗೆಗೆ ಬಂತು, ಹೇಳಿಬಿಟ್ಟರು. ಯೋಚಿಸಲು ಕೊನೆಯ ಗಳಿಗೆಯವರೆಗೆ ಕಾಯುವ ತಂಡದಲ್ಲಿ ಯೋಚಿಸಲು ಸಮಯವೂ ಇರಲಿಲ್ಲ.

ಈಗ ಮೊದಲ ಸಲ ಅವರು ದಾರಿ ಹುಡುಕುತ್ತಿದ್ದರು. ಅದು ಎಲ್ಲಿಗೆ ಹೋಗುತ್ತದೆ ಎನ್ನುವುದು ಅವರ ಮುಖದಲ್ಲಿ ನಿಧಾನವಾಗಿ ಕಾಣಿಸಿಕೊಂಡಿತು.

"ಎಲ್ಲಿ ಕೇಳಿದ್ರಿ?" ಎಂದಳು ಇಶ್ಬೆಲ್.

"ಸ್ಟ್ರುವನ್ ನುಡಿಸಿದ್ದ. ನಮ್ಮನೇಲಿ. ಒಂದ್ಸಲ ಊಟಕ್ಕೆ ಬಂದಾಗ."

"ಯಾವುದರಲ್ಲಿ ನುಡಿಸಿದ?"

"ಇದರಲ್ಲೇ." ಅವರು ಕಾನ್ಸರ್ಟಿನಾ ತೋರಿಸಿದರು.

"ಇದು ತಿದಿ ಹರಿದು ಎಷ್ಟೋ ವರ್ಷ ಅಟ್ಟದ ಮೇಲಿತ್ತು ಸಾರ್. ರಿಪೇರಿ ಮಾಡಿಸಿ ಅಂಗಡಿಯಿಂದ ತಂದಿದ್ದು ಸಾಯೋ ದಿನ. ಅಂಗಡಿಯಿಂದ ನೇರ ಇಲ್ಲಿಗೇ ಬಂದ."

"ಹಾಗಾದ್ರೆ ಬಾಯಲ್ಲಿ ಗುನುಗಿರಬೇಕು."

"ಹಿಂದುಮುಂದಾಗಿ ಗುನುಗಿದ್ನಾ?"

ಯಾರೋ ಹಾಳೆ ಮಡಚಿದ ಸದ್ದು ಕೇಳಿಸಿತು.

"ಸರಿಯಾಗಿ ನುಡಿಸಿದ್ರೆ ಅದು ಜೋಗುಳದ ಹಾಗಿರುತ್ತೆ," ಎಂದಳು ಇಶ್ಬೆಲ್. "ನಾನು ನುಡಿಸಿದ್ದಕ್ಕೂ ಅದಕ್ಕೂ ಸಂಬಂಧವೇ ಗೊತ್ತಾಗಲ್ಲ. ಉಲ್ಟಾ ನುಡಿಸೋ ಯೋಚನೆ ಅವನಿಗೆ ಬಂದಿದ್ದು ಕಳೆದ ವರ್ಷದ ವಿರಾಮದಲ್ಲಿ. ಫೋನಿಟ್ಟು ನೆಟ್ಟಗೆ ಹಿತ್ತಲಿಗೆ ಹೋದ. ಆಮೇಲೆ ಅವನನ್ನ ನೋಡಿದೀನಿ ಅಂದವರು ಈ ಪಬ್ಬಲ್ಲಿ ಒಬ್ಬರೂ ಇಲ್ಲ. ಈಗ ಹೇಳಿ. ಎಲ್ಲಿ ಕೇಳಿದ್ರಿ?"

ಪ್ರೊಫೆಸರ್ ಕಿರೀಟ ತೆಗೆದು ಮೇಜಿನ ಮೇಲಿಟ್ಟರು. ಬೋಳುತಲೆಯ ಮೇಲೆ ಹಸಿರು ಬಣ್ಣದ ಗೆರೆ ಅಂಟಿಕೊಂಡಿತ್ತು.

"ಹಿತ್ತಲಲ್ಲಿ," ಎಂದರು.

ರೋನಾಳ ಕೈಯಿಂದ ಪೆನ್ನು ಬಿತ್ತು. ಯೂನಾ ಸೋಡಾ ಕೆಳಗಿಟ್ಟು ಎದ್ದಳು. ಜನ ಮೇಜುಗಳ ನಡುವೆ ಎದ್ದು ನಿಂತಿದ್ದರಿಂದ ಅವಳಿಗೆ ಮುಂದೆ ಬರಲು ದಾರಿ ಸಿಗಲಿಲ್ಲ.

"ಹೋಗಿದ್ದಕ್ಕೆ ಕಾರಣ?"

"ಮಾತಾಡೋಕೆ. ಮತ ಹಾಕೋ ಹೊತ್ತಲ್ಲಿ ಜಗಳ ಬೇಡ, ಒಪ್ಪಿಕೋ ಅಂತ ಬುದ್ಧಿ ಹೇಳೋಕೆ. ಅವನು ಕೇಳ್ಲಿಲ್ಲ. ಇದು ಯಾವ ರಾಗ ಗೊತ್ತಾ ಸಾರ್ ಅಂದ. ಹೆಸರು ಹೇಳಿ ನಕ್ಕ."

"ಆಮೇಲೆ?"

"ಮಗಳೇ, ಆ ಮೈಕು ಆರಿಸು. ನಿನಗೊಬ್ಬಳಿಗೇ ಹೇಳ್ತೀನಿ. ಹೇಳಬೇಕಾದ್ದು ಇನ್ನೂ ಇದೆ."

ಇಶ್ಬೆಲ್ ಅವರ ಮೇಜಿನ ಬಳಿ ಹೋಗಿ ಮೈಕನ್ನು ಅವರ ಬಾಯಿಗೆ ಹತ್ತಿರ ಹಿಡಿದಳು.

"ಇಲ್ಲೇ ಹೇಳಿ. ಮೆಟ್ಟಿಲು ಮೆಟ್ಟಿಲಾಗಿ."

"ನಾನು ಒಳಗೆ ಬಂದೆ." ಅವರ ದನಿ ಪಬ್ಬಿನ ನಾಲ್ಕು ಮೂಲೆಯಿಂದಲೂ ಕೇಳಿತು. "ಹಿತ್ತಲ ಬಾಗಿಲಿಗೆ ಒಳಗಿಂದ ಚಿಲಕ ಹಾಕಿದೆ. ಮತ ಮುಗಿಯೋವರೆಗೆ, ಅಷ್ಟೇ. ಮುಗಿದ ತಕ್ಷಣ ತೆಗೆದೆ. ಹಿತ್ತಲಲ್ಲಿ ಅವನಿರಲಿಲ್ಲ. ಸುತ್ತಿಕೊಂಡು ಮುಂಬಾಗಿಲಿಗೆ ಬರ್ತಿದಾನೆ ಅಂದ್ಕೊಂಡೆ."

ಸುತ್ತಿಕೊಂಡು ಬರುವುದೆಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಿತ್ತಲಿಗೆ ಎರಡು ಕಡೆ ಆಳೆತ್ತರದ ಗೋಡೆ. ಇನ್ನೊಂದು ಕಡೆ ಕಾಲುವೆ. ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸುವ ಕಲ್ಲಿನ ಹೊಂಡ ಅಲ್ಲೇ ಇದೆ. ಅದರ ಮರದ ಕದದ ಮೇಲಿನ ಒಂಟಿ ಹಲಗೆ ದಾಟಿ ಆಚೆ ದಡ ಹತ್ತಿ, ಸೇತುವೆ ಬಳಸಿ ಮುಂಬಾಗಿಲಿಗೆ ಬರಬೇಕು. ಆ ದಿನ ಹಲಗೆಯ ಮೇಲೆ ಮಂಜುಗಡ್ಡೆ ಕಟ್ಟಿತ್ತು.

"ಅವನು ಬಾಗಿಲು ಬಡಿದ್ನಾ?"

ಪ್ರೊಫೆಸರ್ ಮೇಜಿನ ಮೇಲಿನ ಕಿರೀಟವನ್ನು ಮಡಚತೊಡಗಿದರು.

"ಬಡಿದ್ನಾ ಸಾರ್?"

"ಬಡಿದ."

"ನಮಗ್ಯಾರಿಗೂ ಕೇಳಿಸ್ಲಿಲ್ಲ," ಎಂದಳು ರೋನಾ. "ಹಾಡು ಅಷ್ಟು ಜೋರಾಗಿತ್ತು."

"ಜೋರು ಮಾಡೋಕೆ ಹೇಳಿದ್ದು ನಾನು."

ಯಾರೋ ದೇವರನ್ನು ನೆನೆದರು. ಇಶ್ಬೆಲ್‌ಗೆ ನೆನಪಾದದ್ದು ಮಣ್ಣು ಮಾಡಿದ ದಿನ. ಇದೇ ಮನುಷ್ಯ ಅವಳ ಭುಜ ಹಿಡಿದು, ದುಃಖ ನುಂಗಿಕೋ ಮಗಳೇ, ಯಾರ ತಪ್ಪೂ ಇಲ್ಲ ಎಂದಿದ್ದ. ಅವಳು ಆ ಎದೆಗೆ ಒರಗಿ ಅತ್ತಿದ್ದಳು.

ಮ್ಯಾಗ್ನಸ್‌ಗಾಗಿ ಕೂಡಿಟ್ಟ ಸಿಟ್ಟೆಲ್ಲ ಒಂದೇ ಸಲ ದಿಕ್ಕು ಬದಲಿಸಿತು. ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

"ನನ್ನ ಬುದ್ಧಿಯಿಂದ ಮಾಡಿದ್ದಲ್ಲ ಇದು," ಎಂದರು ಪ್ರೊಫೆಸರ್ ತಗ್ಗಿದ ದನಿಯಲ್ಲಿ. "ಅವನನ್ನ ಹೊರಗಿಡಿ ಅಂತ ನನಗೆ ಹೇಳಿದವರು ಬೇರೆ. ಇಷ್ಟು ಜನರ ಮುಂದೆ ಆ ಹೆಸರು ಹೇಳಲಾರೆ. ಒಂದು ನಿಮಿಷ ಪಕ್ಕಕ್ಕೆ ಬಾ."

"ಇಶ್ಬೆಲ್!" ಗುಂಪಿನ ಆಚೆಯಿಂದ ಯೂನಾ ಕೂಗಿದಳು. "ಮೈಕು ಆರಿಸು. ಅವರು ಹೇಳೋದನ್ನ ಕೇಳಿಸ್ಕೊ. ನಮಗೆ ಬೇಕಾಗಿರೋದೇ ಅದು."

ಇಶ್ಬೆಲ್ ಮೈಕು ಆರಿಸಿದಳು. ಕಟ್ಟೆಯ ಮೇಲಿಟ್ಟಳು. ಬಾರಿನ ಪಕ್ಕದಲ್ಲೇ ಇದ್ದ ಹಿತ್ತಲ ಬಾಗಿಲ ಬಳಿ ಹೋಗಿ ಚಿಲಕ ಎಳೆದಳು. ತಣ್ಣನೆ ಗಾಳಿ ನುಗ್ಗಿ ಕಾಗದದ ಕಿರೀಟಗಳು ಅಲುಗಿದವು. ತಲೆಕೆಳಗಿನ ಮರ ತಿರುಗಿತು.

"ನಡಿ," ಎಂದಳು. ಹದಿನೆಂಟನೇ ವಯಸ್ಸಿನಿಂದ ಅವರನ್ನು ಬಹುವಚನ ಬಿಟ್ಟು ಕರೆದವಳಲ್ಲ.

"ಎಲ್ಲಿಗೆ?"

"ಹೊರಗೆ. ನನ್ನ ತಮ್ಮನಿಗೆ ತೋರಿಸಿದ ದಾರೀಲೇ ಸುತ್ತಿಕೊಂಡು ಬಾ. ಮುಂಬಾಗಿಲಿಗೆ ಬಂದು ತಟ್ಟು. ಆಮೇಲೆ ಹೆಸರು ಕೇಳ್ತೀನಿ."

"ನನ್ನ ಕಾಲು ನೆಟ್ಟಗಿಲ್ಲ ಮಗಳೇ."

"ಅವನದು ನೆಟ್ಟಗಿತ್ತು. ಏನು ಉಪಯೋಗವಾಯ್ತು?"

ಅವರು ಒಂದು ಕ್ಷಣ ಅವಳನ್ನು ನೋಡಿದರು. ಪಾಠದಲ್ಲಿ ಹುಡುಗಿ ಸರಿಯಾದ ಉತ್ತರ ಹೇಳಿದಾಗ ನೋಡುತ್ತಿದ್ದ ಹಾಗೆಯೇ ಇತ್ತು ಆ ನೋಟ. ಆಮೇಲೆ ಕೋಟನ್ನೂ ತೆಗೆದುಕೊಳ್ಳದೆ, ಎಡಗಾಲು ಎಳೆದುಕೊಂಡು ಹೊಸ್ತಿಲು ದಾಟಿದರು.

ಇಶ್ಬೆಲ್ ಬಾಗಿಲು ಹಾಕಿ ಚಿಲಕ ಜಡಿದಳು. ಬೆನ್ನು ಕೊಟ್ಟು ನಿಂತಳು.

"ತೆಗೀರೀ, ಮುದುಕರು ಅವರು!" ಎಂದು ಕಿಟಕಿಯ ಮೇಜಿನವನು ಅರಚಿದ.

"ಕಳೆದ ವರ್ಷ ಇದೇ ಬಾಗಿಲು ಬಡಿದಾಗ ನೀನು ಹಾಡಿಗೆ ಕುಣೀತಿದ್ದೆ. ಈಗಲೂ ಕುಣಿ."

ಅವನು ಕುಳಿತುಕೊಂಡ.

"ನಾನು ಮುಂದಿನಿಂದ ಹೋಗಿ ಕರ್ಕೊಂಡು ಬರ್ತೀನಿ," ಎಂದು ರೋನಾ ಜನರ ನಡುವೆ ನುಸುಳಿ ಓಡಿದಳು. ಮುಂಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಗದ್ದಲದಲ್ಲಿ ಅದು ಇನ್ನೊಂದು ಸಲ ತೆರೆದು ಮುಚ್ಚಿದ್ದನ್ನು ಇಶ್ಬೆಲ್ ಕೇಳಿಸಿಕೊಂಡಳು. ಯಾರೆಂದು ನೋಡಲಿಲ್ಲ. ಅವಳ ಕಿವಿಯೆಲ್ಲ ಬೆನ್ನ ಹಿಂದಿನ ಬಾಗಿಲ ಮೇಲಿತ್ತು. ಬಡಿಯಲಿ ಎಂದು ಕಾಯುತ್ತಿದ್ದಳು. ಬಡಿದರೆ ತೆಗೆಯುತ್ತೇನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಯಾರೂ ಬಡಿಯಲಿಲ್ಲ.

ಯೂನಾ ಕೊನೆಗೂ ಗುಂಪು ಸೀಳಿಕೊಂಡು ಬಂದಳು. ಅವಳು ಕೂಗಾಡಲಿಲ್ಲ.

"ಸರಿ ಇಶ್ಬೆಲ್, ಸೇಡು ತೀರ್ತು. ಈಗ ಲೆಕ್ಕ ಹಾಕು. ಹೆಸರು ಗೊತ್ತಿರೋದು ಈ ಊರಲ್ಲಿ ಒಬ್ಬರಿಗೇ. ಅವರನ್ನ ನೀನು ಮಂಜಿನ ಹಲಗೆ ಮೇಲೆ ನಿಲ್ಲಿಸಿದೀಯ. ಅವರು ಆ ಹೆಸರು ಹೇಳೋಕೆ ರೆಡಿ ಇದಾರೆ ಅಂತ ಮೈಕಲ್ಲಿ ಇಡೀ ಪಬ್ಬಿಗೇ ಕೇಳಿಸಿದೀಯ. ಆ ಹೆಸರಿನವರೂ ಇಲ್ಲೇ ಕೂತು ಕೇಳಿಸ್ಕೊಂಡಿರ್ತಾರೆ, ಅಲ್ವಾ?"

ಇಶ್ಬೆಲ್ ತಲೆಯೆತ್ತಿ ಮೇಜುಗಳನ್ನು ನೋಡಿದಳು. ಸೋಮಾರಿಗಳ ಮೇಜಿನಲ್ಲಿ ಎರಡು ಕುರ್ಚಿ ಖಾಲಿ, ಪ್ರೊಫೆಸರರದು ಮತ್ತು ರೋನಾಳದು. ಒಲೆಯ ಪಕ್ಕದ ಮೇಜಿನಲ್ಲಿ 'ಕೈ ತೊಳೆದವರು' ಕುಳಿತೇ ಇದ್ದರು. ಅವರ ನಡುವಿನ ಕುರ್ಚಿಯ ಮೇಲೆ ಕೆಂಪು ಕಿರೀಟವೊಂದೇ ಇತ್ತು.

"ಮ್ಯಾಗ್ನಸ್ ಎಲ್ಲಿ?" ಎಂದಳು.

"ಸಿಗರೇಟಿಗೆ ಅಂತ ಎದ್ದು ಹೋದ," ಎಂದ ಒಬ್ಬ. "ರೋನಾಗಿಂತ ಮುಂಚೆಯೋ, ಹಿಂದೆಯೋ. ಗಮನಿಸ್ಲಿಲ್ಲ."

ಇಶ್ಬೆಲ್ ತಾನೇ ಚಿಲಕ ತೆಗೆದಳು.

ಹಿತ್ತಲಿನಲ್ಲಿ ಯಾರೂ ಇರಲಿಲ್ಲ. ಯೂನಾ ಟಾರ್ಚು ಹಾಕಿದಳು. ಬೆಳಗಿನಿಂದ ಬಿದ್ದ ಹಿಮ ಹಾಗೇ ಹಾಸಿತ್ತು. ಬಾಗಿಲಿನಿಂದ ಹೊಂಡದವರೆಗೆ ಒಂದು ಜೊತೆ ಹೆಜ್ಜೆಗಳು, ಎಡಗಾಲು ಎಳೆದ ಗೀರಿನ ಜೊತೆ, ನೇರವಾಗಿ ಹೋಗಿ ಹಲಗೆಯ ಮೇಲೆ ಹತ್ತಿದ್ದವು.

"ಪ್ರೊಫೆಸರ್!" ಎಂದು ಇಶ್ಬೆಲ್ ಕೂಗಿದಳು. "ಸಾರ್!"

ಟಾರ್ಚಿನ ಬೆಳಕು ಹಲಗೆಯುದ್ದಕ್ಕೂ ಹರಿದು ಆಚೆ ದಡಕ್ಕೆ ಹೋಯಿತು. ಹೊಂಡ ಅಗಲವಿಲ್ಲ, ಆ ದಡದ ಹಿಮವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ಕಾಲೆಳೆದ ಗೀರು ಇರಲಿಲ್ಲ. ಸೇತುವೆಯ ಕಡೆಯಿಂದ ಬಂದ ಬೇರೊಂದು ಜೊತೆ ಹೆಜ್ಜೆಗಳಿದ್ದವು. ಹಲಗೆಯ ತುದಿಯವರೆಗೆ ಬಂದು, ಅಲ್ಲಿ ನಿಂತು ಹಿಮ ತುಳಿದು, ಸೇತುವೆಯ ಕಡೆಗೇ ತಿರುಗಿ ಹೋಗಿದ್ದವು.

"ಒಬ್ಬರೇ," ಎಂದಳು ಯೂನಾ. "ಹೊರಗೆ ಹೋದದ್ದು ಇಬ್ಬರು. ಇಲ್ಲಿಗೆ ಬಂದದ್ದು ಒಬ್ಬರೇ."

ಅವಳು ಬೆಳಕನ್ನು ಕೆಳಗೆ ಇಳಿಸಿದಳು. ಹೊಂಡದ ನೀರಿನ ಮೇಲೆ ಕಟ್ಟಿದ್ದ ಮಂಜುಗಡ್ಡೆ ನಡುವೆ ಒಡೆದಿತ್ತು. ಒಡೆದ ಕಡೆ ನೀರು ಇನ್ನೂ ಅಲುಗುತ್ತಿತ್ತು.

ಯೂನಾ ಬೇರ್ಡ್ ಕೋಟು ಕಳಚಿ ಟಾರ್ಚಿನ ಸಮೇತ ಇಶ್ಬೆಲ್‌ಳ ಕೈಗೆ ಕೊಟ್ಟು, ಹೊಂಡದ ಗೋಡೆಯ ಕಬ್ಬಿಣದ ಏಣಿ ಹಿಡಿದು ನೀರಿಗಿಳಿದಳು.